ಮಾವನ ಕ್ಲಬ್ಬು, ನನ್ನ ನಡುಕ

ಶನಿವಾರ ಸಂಜೆಯಾಯಿತೆಂದರೆ ನನಗೆ ಒಳಗೊಳಗೇ ನಡುಕ. ಹಲಸೂರಿನ ನನ್ನ ಮಾವನ ಮನೆಯಲ್ಲಿ ಆ ಹೊತ್ತಿಗೆ ಏನಾದರೊಂದು ಆಗಿಯೇ ಆಗುತ್ತದೆ, ಅದಕ್ಕೆ ಕಾರಣ ನಾನೇ ಆಗಿರುತ್ತೇನೆ. ಮಾವನ ಅಪ್ಪನಿಗೆ ಕೆರೆ ಪಕ್ಕದ ಮೈದಾನದಲ್ಲಿ ಫುಟ್‌ಬಾಲ್ ಕಲಿಸಿದವನು ಒಬ್ಬ ಇಂಗ್ಲಿಷ್ ಸಿಪಾಯಿಯಂತೆ. ಅವನ ಊರಿನ ಹಳದಿ ಅಂಗಿಯ ಕ್ಲಬ್ಬೇ ಅಂದಿನಿಂದ ಈ ಮನೆಯ ಕುಲದೇವರು. ನಾನು ಕೆ.ಆರ್. ಪುರದವನು. ನನಗೆ ಗೊತ್ತಿದ್ದದ್ದು ಕ್ರಿಕೆಟ್ ಒಂದೇ.

ಪರೀಕ್ಷೆ

"ಅಪ್ಪ ಸಂಬಳ ಕೇಳಲ್ಲ, ಕ್ಲಬ್ ಹಿಸ್ಟರಿ ಕೇಳ್ತಾರೆ. ಓದ್ಕೊಂಡು ಬಾ," ಎಂದು ನಾನು ಮದುವೆಯಾಗಬೇಕೆಂದಿದ್ದ ಹುಡುಗಿ ಮೊದಲೇ ಹೆದರಿಸಿದ್ದಳು. ಆಫೀಸಿನಲ್ಲಿ ಕೆಲಸ ಬಿಟ್ಟು ಓದಿದೆ. ಅವರ ಸೋಫಾದಲ್ಲಿ ಬೆವರುತ್ತ ಕೂತು, ಕಮ್ಮಾರರು ಸೇರಿ ಕ್ಲಬ್ ಕಟ್ಟಿದ್ದು, ನದಿ ದಂಡೆಯ ಮೊದಲ ಮೈದಾನ ಪ್ರವಾಹದಲ್ಲಿ ಮುಳುಗಿದ್ದು, ಯುದ್ಧದ ಕಾಲದಲ್ಲಿ ಗೋಲ್‌ಕೀಪರ್ ಸಿಗದೆ ಅಡುಗೆಯವನನ್ನೇ ನಿಲ್ಲಿಸಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಹುಡುಗಿ ಹಣೆ ಹಿಡಿದುಕೊಂಡಳು.

"ಚೆನ್ನಾಗಿ ಹೇಳಿದ್ರಿ," ಎಂದರು ಮಾವ. "ಆದ್ರೆ ಅದು ನದಿ ಆಚೆ ದಡದ ಹಸಿರು ಕ್ಲಬ್ಬು. ನಮ್ಮ ಹಳೇ ಶತ್ರು."

ಅತ್ತೆ ನನ್ನ ಮುಂದಿಟ್ಟಿದ್ದ ಕೇಸರಿಬಾತ್ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

ಜಾತಕ

ಹುಡುಗಿಯ ಹಟದಿಂದ ಮದುವೆಯೇನೋ ಆಯಿತು. ಆದ ಮೇಲೆ ಕ್ಲಬ್ ಸೋಲತೊಡಗಿತು. ಸೀಸನ್ ಮುಗಿದಾಗ ತಳದಲ್ಲಿ ಉಳಿದವರನ್ನು ಕೆಳಗಿನ ಡಿವಿಷನ್ನಿಗೆ ತಳ್ಳುತ್ತಾರೆ. ಮಾವ ಊಟ ಬಿಟ್ಟರು. ಅವರ ಮನೆಮಾತು ತಮಿಳು, ಅಳಿಯನಾದ ನಾನು ಅವರಿಗೆ 'ಮಾಪ್ಳೆ'.

"ಅಪ್ಪನ ಕಾಲದಿಂದ ಇಳಿದಿಲ್ಲ ಮಾಪ್ಳೆ. ನನ್ನ ಕಾಲದಲ್ಲಿ ಇಳಿದ್ಬಿಟ್ರೆ ಮೇಲೆ ಹೋಗಿ ಅವರಿಗೆ ಹೇಗೆ ಮುಖ ತೋರಿಸ್ಲಿ?"

ಕ್ಲಬ್ ಸ್ಥಾಪನೆಯಾದ ತಾರೀಕು ಹಿಡಿದುಕೊಂಡು ನನ್ನನ್ನೂ ಜೋಯಿಸರ ಹತ್ತಿರ ಕರೆದೊಯ್ದರು.

"ಜಾತಕದವರಿಗೆ ವಯಸ್ಸೆಷ್ಟು?" ಎಂದರು ಜೋಯಿಸರು.

"ನೂರು ದಾಟಿದೆ ಸ್ವಾಮಿ."

"ಇನ್ನೂ ಓಡಾಡ್ತಾರಾ?"

"ಅದೇ ತೊಂದರೆ. ಓಡೋದೇ ಇಲ್ಲ."

ಜೋಯಿಸರು ಲೆಕ್ಕ ಹಾಕಿ ತಲೆಯಾಡಿಸಿದರು. "ಸಾಡೇಸಾತಿ. ಇತ್ತೀಚೆಗೆ ಮನೆಗೆ ಯಾರಾದ್ರೂ ಹೊಸಬರು ಬಂದಿದ್ದಾರಾ?"

ಮಾವ ನನ್ನ ಕಡೆ ತಿರುಗಿದರು. ನಾನು ಗೋಡೆಯ ಕಡೆ ತಿರುಗಿದೆ.

ನನ್ನ ಜಾಗ

ಆ ಹೆದರಿಕೆಗೆ ಹೊಟ್ಟೆ ಕೆಟ್ಟು, ಮುಂದಿನ ಪಂದ್ಯದ ನಡುವೆ ಬಾತ್‌ರೂಮಿಗೆ ಓಡಿದೆ. ನಮ್ಮವರು ಗೋಲು ಹೊಡೆದರು. ಹೊರಗೆ ಬಂದೆ, ಎದುರಿನವರು ಹೊಡೆದರು. ಮುಗಿಯಿತು ನನ್ನ ಕಥೆ.

ಗೋಲು ಬಿದ್ದಾಗ ಯಾರು ಎಲ್ಲಿದ್ದರೋ ಮುಂದಿನ ಪಂದ್ಯದಲ್ಲೂ ಅಲ್ಲೇ ಇರಬೇಕು ಎನ್ನುವುದು ಆ ಮನೆಯ ನೇಮ. ಅತ್ತೆ ಬೆಳ್ಳುಳ್ಳಿ ಹಿಡಿದು ಹೊಸ್ತಿಲಲ್ಲಿ, ಹೆಂಡತಿ ಕಿಟಕಿಯ ಹತ್ತಿರ, ಮಾವ ಟಿವಿ ಮುಂದೆ. ನನಗೆ ಬಾತ್‌ರೂಮಿನಲ್ಲಿ ಪ್ಲಾಸ್ಟಿಕ್ ಸ್ಟೂಲು, ಮೇಲೊಂದು ದಿಂಬು.

ಒಮ್ಮೆ ನೆಂಟರೊಬ್ಬರು ಅವಸರವಾಗಿ ಬಾತ್‌ರೂಮ್ ಎಲ್ಲಿ ಎಂದು ಕೇಳಿದರು. ಅತ್ತೆ, "ಪಕ್ಕದ್ಮನೆಗೆ ಹೋಗ್ಬಿಟ್ಟು ಬನ್ನಿ, ನಮ್ದರಲ್ಲಿ ಅಳಿಯ ಕೂತಿದ್ದಾರೆ," ಎಂದರು.

ಕೊನೆಯ ಪಂದ್ಯ

ಕೊನೆಯ ಪಂದ್ಯ ಗೆಲ್ಲಲೇಬೇಕಿತ್ತು. ಇಲ್ಲವಾದರೆ ಕ್ಲಬ್ ಕೆಳಕ್ಕೆ, ಶನಿ ನಾನು. ಸ್ಟೂಲಿನ ಮೇಲೆ ಕೂತು ನಲ್ಲಿ ತೊಟ್ಟಿಕ್ಕುವುದನ್ನು ಕೇಳುತ್ತಿದ್ದೆ.

"ಇನ್ನೂ ಸಮ ಸಮ," ಎಂದಳು ಹೆಂಡತಿ ಕಿಟಕಿಯ ಹತ್ತಿರದಿಂದಲೇ ಕೂಗಿ. "ಅಪ್ಪ ಎದೆ ಹಿಡ್ಕೊಂಡಿದ್ದಾರೆ!"

"ಡಾಕ್ಟರ್ ಕರೀಲಾ?" ನಿಜವಾಗಿ ಹೆದರಿದ್ದೆ.

"ಬೇಡ್ವಂತೆ. ನೀನು ಮಾತ್ರ ಏಳ್ಬೇಡವಂತೆ!"

ಅಷ್ಟರಲ್ಲಿ ಮನೆ ಬಿದ್ದುಹೋಗುವಂಥ ಕೂಗು. ಗೋಲು! ಚಿಲಕ ತೆಗೆದು ಒಂದು ಕಾಲು ಹೊರಗಿಟ್ಟೆ. ಅತ್ತೆ ಹೊಸ್ತಿಲಿಂದಲೇ ಚೀರಿದರು. "ಒಳಗೆ! ಒಳಗೆ! ಗೋಲು ಸರೀನಾ ಅಂತ ರೆಫ್ರಿ ಇನ್ನೂ ಚೆಕ್ ಮಾಡ್ತಿದ್ದಾರೆ!"

ಕಾಲು ಒಳಗೆಳೆದುಕೊಂಡು, ಕಣ್ಣು ಮುಚ್ಚಿ ಸೋಮೇಶ್ವರನನ್ನು ನೆನೆದೆ. ಮತ್ತೊಂದು ಕೂಗು. ಗೋಲು ಉಳಿದಿತ್ತು, ಪಂದ್ಯವೂ ಮುಗಿದಿತ್ತು. ಈ ಸಲ ಬಾಗಿಲು ತೆಗೆದದ್ದು ಮಾವ. ತಬ್ಬಿಕೊಂಡು ಗಳಗಳನೆ ಅತ್ತರು.

"ತಪ್ಪು ತಿಳ್ಕೊಂಡಿದ್ದೆ ಮಾಪ್ಳೆ. ನೀವೇ ಉಳಿಸಿದ್ರಿ."

ನನ್ನ ಕಣ್ಣೂ ತುಂಬಿತು. ಕೊನೆಗೂ ನಾನು ಈ ಮನೆಯವನಾದೆ. ಧೈರ್ಯ ಮಾಡಿ ಕೇಳಿದೆ. "ಹಾಗಾದ್ರೆ ಮುಂದಿನ ಸೀಸನ್ನಿಂದ ನಾನೂ ಟಿವಿ ಮುಂದೆ ಕೂತ್ಕೋಬಹುದಾ?"

ಮಾವನ ಮುಖ ಬಿಳುಚಿಕೊಂಡಿತು.

"ಅಯ್ಯೋ, ಬೇಡ ಮಾಪ್ಳೆ! ಅಲ್ಲೇ ಒಂದು ಫ್ಯಾನ್ ಹಾಕಿಸ್ಕೊಡ್ತೀನಿ."