ಕೆಂಪಕ್ಕಿಗೊಂದು ಹಕಾರ

ಪ್ರಕೃತಿಯ ವಿಸ್ಮಯಗಳನ್ನು ಗುರುತಿಸುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ನನಗಿದೆ. ಇದನ್ನು ಜಂಬದಿಂದ ಹೇಳುತ್ತಿಲ್ಲ; ಶಿರಾದ ನಮ್ಮ ಬೀದಿಯಲ್ಲಿ ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿ ಬಂದಿದೆ.

ಗುಮಾಸ್ತಗಿರಿಯಿಂದ ನಿವೃತ್ತನಾದ ಮರುವಾರವೇ ಒಂದು ದುರ್ಬೀನು ಕೊಂಡೆ. ಬದುಕೆಲ್ಲ ಕಡತ ನೋಡಿ ಸವೆದ ಈ ಕಣ್ಣು ಇನ್ನು ಮೇಲೆ ಅಪರೂಪದ್ದನ್ನು ಮಾತ್ರ ನೋಡತಕ್ಕದ್ದು ಎಂದು ನನಗೆ ನಾನೇ ಆದೇಶ ಹೊರಡಿಸಿಕೊಂಡೆ. ಮೊದಲ ದಿನವೇ ದಾಸವಾಳದ ಗಿಡದಲ್ಲಿ ಮಂಜುಹನಿ ಪೋಣಿಸಿಕೊಂಡ ಜೇಡರ ಬಲೆ ಕಂಡಿತು. ಅಕ್ಕಪಕ್ಕದವರನ್ನು ಕರೆತಂದು ತೋರಿಸೋಣವೆಂದು ಹೋಗಿ ಬರುವಷ್ಟರಲ್ಲಿ ನನ್ನ ಹೆಂಡತಿ ಸರೋಜ ಅದನ್ನು ಪೊರಕೆಯಲ್ಲಿ ಸುತ್ತಿ ಎಸೆದಿದ್ದಳು.

"ನಮ್ಮನೇಲಿ ಜೇಡ ಕಟ್ಟೈತೆ ಅಂತ ಬೀದಿಗೆಲ್ಲ ಸಾರ್ಕೊಂಡ್ ಬಂದ್ರಾ?" ಎಂದಳು.

ಆಮೇಲೆ ಬುಕ್ಕಾಪಟ್ಟಣದ ಕುರುಚಲು ಕಾಡಿಗೆ ಹೋಗಿ ಚಿಂಕಾರ ಎಂಬ ಅಪರೂಪದ ಜಿಂಕೆಯ ಫೋಟೋ ತೆಗೆದೆ. ಅದರ ಕೊರಳಲ್ಲಿ ಗಂಟೆ ಇತ್ತೆಂಬುದನ್ನು ಸರೋಜಳೇ ಕಂಡುಹಿಡಿದಳು. ಇಂಥ ಸಣ್ಣಪುಟ್ಟ ವಿವರಗಳಿಂದ ನಾನು ಎದೆಗುಂದುವವನಲ್ಲ. ತಾವರೆಕೆರೆಯಿಂದ ಮಧುಗಿರಿಯವರೆಗೆ ಇರುವ ನಂಟರಿಷ್ಟರಿಗೆಲ್ಲ ಹೇಳಿಟ್ಟೆ: "ಅಪರೂಪದ ಹಕ್ಕಿ ಕಂಡರೆ ತಕ್ಷಣ ನನಗೆ ಫೋನ್ ಮಾಡಿ."

ನನಗೆ ಕಣ್ಣಿನಷ್ಟೇ ಕಿವಿಯೂ ಚುರುಕು. ಅದು ತಾತನ ಕೊಡುಗೆ. ನಮ್ಮ ಕಡೆ ಜನಕ್ಕೆ ಹಕಾರ ಬಾಯಿಗೆ ಬರುವುದಿಲ್ಲ. ಹಾಲು ಆಲಾಗುತ್ತದೆ, ಹಾವು ಆವಾಗುತ್ತದೆ. ಮಳೆಗಾಲದ ಸಂಜೆಗಳಲ್ಲಿ ಜೈಮಿನಿ ಓದಿಸುತ್ತಿದ್ದ ನಮ್ಮ ತಾತನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. "ಹೊಟ್ಟೆಯಿಂದ ಬರ್ಬೇಕು ಕಣ್ಲಾ ಹ ಅನ್ನೋದು, ಹಲ್ಲಿಂದಲ್ಲ" ಎಂದು ನನ್ನ ಹೊಟ್ಟೆಗೆ ತಿವಿದು ಕಲಿಸಿದರು. ಅಂದಿನಿಂದ ನನಗೊಂದು ಅಭ್ಯಾಸ. ಯಾರಾದರೂ ಹಕಾರ ಬಿಟ್ಟು ಮಾತಾಡಿದರೆ ನಾನು ತಿದ್ದುವುದಿಲ್ಲ, ನೋಯಿಸುವುದಿಲ್ಲ. ಬಿಟ್ಟುಹೋದ ಹಕಾರವನ್ನು ಮನಸ್ಸಿನಲ್ಲೇ ಸೇರಿಸಿಕೊಂಡು ಕೇಳಿಸಿಕೊಳ್ಳುತ್ತೇನೆ. ಎಷ್ಟು ವರ್ಷದಿಂದ ಈ ಸಮಾಜಸೇವೆ ಮಾಡುತ್ತಿದ್ದೇನೋ ಲೆಕ್ಕವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಮಗಳು ರೇಖಾ ಏಳು ತಿಂಗಳ ಬಸುರಿಯಾಗಿ ಮನೆಗೆ ಬಂದಿದ್ದಳು. ಭಾನುವಾರ ಬಯಕೆ ಊಟ. ಏನು ತಿನ್ನಬೇಕು ಅನ್ನಿಸುತ್ತದೆಂದು ಕೇಳಿದರೆ ಅವಳು ಹೋಳಿಗೆ ಅನ್ನಲಿಲ್ಲ, ಚಿರೋಟಿ ಅನ್ನಲಿಲ್ಲ. "ಅಜ್ಜಿ ಮಾಡ್ತಿದ್ರಲ್ಲಮ್ಮಾ, ಕೆಂಪಕ್ಕಿ ಅನ್ನ, ಅವರೆಕಾಳು ಸಾರು, ಅದು" ಅಂದಳು. ಅಜ್ಜಿ ಎಂದರೆ ನನ್ನ ಅವ್ವ. ಅವಳು ಬಳಸುತ್ತಿದ್ದ ಆ ಹಳೇ ತಳಿಯ ಕೆಂಪಕ್ಕಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ತಾವರೆಕೆರೆ ಹತ್ತಿರದ ಹಳ್ಳಿಯಲ್ಲಿ ಮಿಲ್ಲು ಇಟ್ಟಿರುವ ತಿಮ್ಮರಾಜು, ಸರೋಜಳನ್ನು ಅಕ್ಕ ಎನ್ನುವ ಅವಳ ಚಿಕ್ಕಮ್ಮನ ಮಗ, ಕೆರೆ ಕೆಳಗೆ ಒಬ್ಬ ಅಜ್ಜಿ ಮಾತ್ರ ಇನ್ನೂ ಬೆಳೆಯುತ್ತಾಳೆ, ಕೇಳಿ ನೋಡ್ತೀನಿ ಅಂದಿದ್ದ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದು ಸರೋಜಳ ದೃಢವಾದ ನಂಬಿಕೆ. ಸರೋಜಳ ಫೋನು ಮುದ್ದೆಯ ಎಸರಿಗೆ ಬಿದ್ದು ರಿಪೇರಿಗೆ ಹೋಗಿದ್ದರಿಂದ ತಿಮ್ಮರಾಜುವಿಗೆ ನನ್ನ ನಂಬರು ಕೊಟ್ಟಿದ್ದಳು.

ಇದೆಲ್ಲವನ್ನೂ ಅವಳು ನನಗೆ ಎರಡು ಸಲ ಹೇಳಿದ್ದಳಂತೆ. ಎರಡು ಸಲವೂ ನಾನು ಕಿಟಕಿಯಿಂದ ಕರಿಬೇವಿನ ಗಿಡಕ್ಕೆ ಬಂದ ಸೂರಕ್ಕಿ ಎಂಬ ಪುಟ್ಟ ಹಕ್ಕಿಯನ್ನು ನೋಡುತ್ತಿದ್ದೆ. ಎರಡು ಸಲವೂ "ಹೂಂ" ಅಂದೆನಂತೆ. ಅದರಲ್ಲಿ ಹಕಾರ ಸ್ಪಷ್ಟವಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಶನಿವಾರ ಬೆಳಿಗ್ಗೆ ಹೆಂಗಸರೆಲ್ಲ ಬಳೆ ಅಂಗಡಿಗೆ ಹೋಗಿದ್ದರು. ಒಂದು ದಿನ ಮುಂಚೆಯೇ ಬಂದಿದ್ದ ನಮ್ಮ ಬೀಗರು, ರೇಖಾಳ ಮಾವ, ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ಕೊರಟಗೆರೆಯವರು. ಮಿತಭಾಷಿ. ಮಾತಾಡಿದರೆ ಒಂದಕ್ಷರ ನುಂಗುವವರಲ್ಲ. ಫೋನು ಬಂತು.

"ಬಾವ, ನಾನು ತಿಮ್ಮರಾಜು. ಕೆಂಪಕ್ಕಿ ಬಂದೈತೆ."

ನನ್ನ ರೋಮಾಂಚನವನ್ನು ನೀವು ಊಹಿಸಿಕೊಳ್ಳಬೇಕು. ಬಿಳಿಯ ಹಕ್ಕಿ ಬೆಳ್ಳಕ್ಕಿಯಾದರೆ ಕೆಂಪು ಹಕ್ಕಿ ಕೆಂಪಕ್ಕಿ. ವ್ಯಾಕರಣ ಪಕ್ಕಾ.

"ಎಲ್ಲಿಂದ ಬಂತು ಮಾರಾಯ?"

"ಕೆರೆ ಕೆಳಗಿನ ಗದ್ದೆಯಿಂದ. ಈ ವರ್ಸ ಬಂದಿರೋದೇ ವಸಿ."

"ನೋಡಲಿಕ್ಕೆ ಹೇಗಿದೆ?"

"ಮೈಯೆಲ್ಲ ಕೆಂಪು ಬಾವ. ಅಲ್ಲಲ್ಲಿ ಬಿಳೀ ಚುಕ್ಕಿ. ಗುಂಡುಗುಂಡಗೆ, ಚಿಕ್ಕದು."

ಹಕ್ಕಿ ಪುಸ್ತಕ ಕೈಯಲ್ಲೇ ಇತ್ತು. ಕೆಂಪು ರಾಟವಾಳ! ಮೈ ಕೆಂಪು, ಬಿಳಿ ಚುಕ್ಕಿ, ಗುಬ್ಬಿಗಿಂತ ಚಿಕ್ಕದು, ನೀರಿನಾಸರೆಯ ಹುಲ್ಲುಗಾವಲಿನ ವಾಸಿ. ನಮ್ಮ ತಿಮ್ಮರಾಜುವಿಗೆ ಇಷ್ಟು ವೈಜ್ಞಾನಿಕ ದೃಷ್ಟಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಜಲ್ದಿ ಬನ್ನಿ ಬಾವ. ತುಮಕೂರಿನೋರು ಒಬ್ರು ಬಂದವ್ರೆ, ಎಲ್ಲಾ ಚೀಲಕ್ಕೆ ತುಂಬ್ಕೊಂಡು ವೋಯ್ತೀನಿ ಅಂತವ್ರೆ."

"ಚೀಲಕ್ಕೆ?"

"ಚೀಲಕ್ಕಲ್ದೆ ಬೊಗಸೇಲಿ ಒತ್ಕೊಂಡ್ ವೋಯ್ತಾರಾ?"

"ಯಾತಕ್ಕಯ್ಯ ಅವನಿಗೆ?"

"ತಿನ್ನಾಕೆ. ಇನ್ಯಾತಕ್ಕೆ ಬಾವ? ನೀವೂ ತಿನ್ನಾಕೇ ತಾನೇ ಕೇಳಿದ್ದು?"

ಮೊದಲ ಮಾತಿಗೇ ಸಿಟ್ಟು ನೆತ್ತಿಗೇರಿ, ಉಳಿದದ್ದು ನನ್ನ ಕಿವಿಗೆ ಬೀಳಲಿಲ್ಲ. "ತಿಮ್ಮರಾಜು, ಸರಿಯಾಗಿ ಕೇಳು. ಆ ಮನುಷ್ಯನಿಗೆ ಒಂದೂ ಕೊಡಬೇಡ. ನೀನೂ ತುಂಬಿಡಬೇಡ. ಈಗಲೇ ಬಯಲಿಗೆ ಬಿಟ್ಟುಬಿಡು."

"ಬಯಲಿಗಾ?"

"ಬಿಸಿಲು ಗಾಳಿ ಆಡುವ ಕಡೆ. ನಾನು ಬರುವವರೆಗೂ ಯಾರೂ ಹತ್ತಿರ ಸುಳಿಯಬಾರದು. ಶಬ್ದ ಮಾಡಬಾರದು."

"ಆಯ್ತು ಬಾವ. ಓದಿದೋರು ನೀವು" ಎಂದು ಫೋನಿಟ್ಟ.

ಬೀಗರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಪಕ್ಷಿಸಂಕುಲದ ಸಂರಕ್ಷಣೆಯ ಬಗ್ಗೆ ಹೇಳಿದೆ. ಗಾಳಿಗೆ ಅವರಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ತಲೆಯಂತೂ ಆಡಿಸುತ್ತಿದ್ದರು. ರಸ್ತೆಯೂ ಹಾಗೇ ಇತ್ತು.

ಮಿಲ್ಲಿನ ಹಿಂದೆ ಒಂದು ಕಣ. ಪಕ್ಕದಲ್ಲಿ ಕಡ್ಲೆಬಳ್ಳಿಯ ಮೆದೆ. ತಿಮ್ಮರಾಜು ಮತ್ತವನ ಹೆಂಡತಿ ಗೌರಮ್ಮ ಮಿಲ್ಲಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ನಾನು ತುಟಿಗೆ ಬೆರಳಿಟ್ಟು, ಬೀಗರನ್ನು ಎಳೆದುಕೊಂಡು, ಮೆದೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ದುರ್ಬೀನು ಎತ್ತಿದೆ.

ಆಹಾ ಎನ್ನಬೇಕಾದ ದೃಶ್ಯ. ಕಣದ ತುಂಬ ಹಕ್ಕಿಗಳು. ಗುಬ್ಬಿ, ಗೊರವಂಕ, ಜೋಡಿ ಜೋಡಿ ಬೆಳವಗಳು. ಅವುಗಳ ನಡುವೆ, ನಂಬುತ್ತೀರೋ ಇಲ್ಲವೋ, ಎರಡು ಕೆಂಪು ರಾಟವಾಳ! ಪುಸ್ತಕದಿಂದ ಎದ್ದು ಬಂದ ಹಾಗೆ, ಕುಂಕುಮದ ಮೈಮೇಲೆ ಸುಣ್ಣದ ಚುಕ್ಕಿ ಇಟ್ಟ ಹಾಗೆ. ಕಣ್ಣು ತೇವವಾಯಿತು. ದುರ್ಬೀನಿನ ಗಾಜೂ ತೇವವಾಯಿತು. ಒರೆಸಿ ಬೀಗರಿಗೆ ಕೊಟ್ಟೆ.

ಅವರು ತುಂಬ ಹೊತ್ತು ನೋಡಿದರು. "ಬೀಗರೇ, ಏನೋ ತಿನ್ನುತ್ತಿವೆಯಲ್ಲ?"

"ಹುಲ್ಲಿನ ಬೀಜ."

"ಕೆಂಪಗಿದೆ."

"ಅಪರೂಪದ ಹುಲ್ಲು" ಎಂದೆ.

ಅಷ್ಟರಲ್ಲಿ ಗೌರಮ್ಮ ಪೊರಕೆ ಹಿಡಿದು ಕಣದ ಕಡೆ ಹೊರಟಳು. ನಾನು ಬಗ್ಗಿಕೊಂಡೇ ಓಡಿ ಅಡ್ಡ ನಿಂತೆ.

"ಅಣ್ಣ, ತಿಂತಾವೆ ಕಣಣ್ಣ" ಎಂದಳು.

"ತಿನ್ನಲಿ ತಾಯಿ."

"ಎಲ್ಲಾ ತಿಂದಾಕ್ತಾವೆ."

"ತಿನ್ನಲಿ. ನಾವು ಮನುಷ್ಯರು ಅವುಗಳ ಪಾಲಿನದು ಎಷ್ಟು ತಿಂದಿಲ್ಲ?"

ಗೌರಮ್ಮ ಗಂಡನ ಮುಖ ನೋಡಿದಳು. "ಸುಮ್ಕಿರೆ. ಬಯಕೆ ಊಟಕ್ಕೆ ಮುಂಚೆ ಪಕ್ಸಿಗಳ್ಗೆ ಎಡೆ ಇಕ್ಕೋ ಸಾಸ್ತ್ರ ಇರ್ಬೇಕು, ಸಿರಾದಾಗೆ" ಎಂದು ತಿಮ್ಮರಾಜು ಪಿಸುಗುಟ್ಟಿದ. ನನಗೆ ಕೇಳಿಸಿತು. ಸಾಸ್ತ್ರವನ್ನು ಶಾಸ್ತ್ರವೆಂದು ತಿದ್ದಿಕೊಂಡೆ. ಅರ್ಥದ ಕಡೆ ಗಮನ ಹೋಗಲಿಲ್ಲ.

ಆಮೇಲೆ ನವಿಲುಗಳು ಬಂದವು.

ಐದು ನವಿಲು. ಕಣಕ್ಕೆ ಇಳಿದು, ನೆಂಟರ ಮನೆಯ ಪಂಕ್ತಿಯಲ್ಲಿ ಕೂತ ಹಾಗೆ ಸಾಲಾಗಿ ಶುರುಮಾಡಿದವು. ನಾನು ಒಂದರ ಮೇಲೊಂದು ಫೋಟೋ ತೆಗೆದೆ. ನವಿಲಿನ ಕೊಕ್ಕು ಎಷ್ಟು ದೊಡ್ಡದೆಂಬುದು ಆಗ ನನಗೆ ಬರೀ ಸೌಂದರ್ಯದ ಪ್ರಶ್ನೆಯಾಗಿತ್ತು. ಕಾಲು ಗಂಟೆ ಕಳೆದ ಮೇಲೆ ಅವೆಲ್ಲ ಕುತ್ತಿಗೆ ಎತ್ತಿ ನನ್ನತ್ತ ನೋಡಿ, ಇನ್ನೇನೂ ಬಡಿಸುವುದಿಲ್ಲವೆಂದು ಖಾತ್ರಿಯಾಗಿ, ಎದ್ದು ಹೋದವು.

ತಿಮ್ಮರಾಜು ಹತ್ತಿರ ಬಂದ. "ಬಾವ, ಉಳ್ದಿದ್ದನ್ನಾದ್ರೂ ತುಂಬ್ಕೊಡ್ಲಾ?"

"ಏನನ್ನು?"

"ಅಕ್ಕೀನ."

"ಹಕ್ಕಿಯನ್ನು ತುಂಬುತ್ತಾರೇನಯ್ಯ? ಹಾರಿಹೋದವಲ್ಲ."

"ಆರೋದ್ವಲ್ಲ ಬಾವ, ಅವು ಅಕ್ಕಿ. ನಾನೇಳ್ತಿರೋದು ಅಕ್ಕಿ."

"ನಾನೂ ಅದನ್ನೇ ಹೇಳುತ್ತಿರುವುದು."

ತಿಮ್ಮರಾಜು ಕಣಕ್ಕೆ ಹೋಗಿ, ಬಗ್ಗಿ, ಚಿಟಿಕೆಯಷ್ಟು ಏನನ್ನೋ ಹೆಕ್ಕಿ ತಂದು ನನ್ನ ಅಂಗೈಯಲ್ಲಿ ಹಾಕಿದ. ಗುಂಡುಗುಂಡಗೆ, ಕೆಂಪಗೆ. ಕುಟ್ಟುವಾಗ ತೌಡು ಹೋದ ಕಡೆ ಬಿಳಿಯ ಚುಕ್ಕಿ. ಬೀಗರು ನನ್ನ ಅಂಗೈಯಿಂದ ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಅಕ್ಕಿ" ಎಂದರು.

ಬೀಗರು ಹಕಾರ ಬಿಡುವವರಲ್ಲ.

ಆ ಕಣದಲ್ಲಿ ನಿಂತು ನನಗೆ ತಿಳಿದದ್ದಿಷ್ಟು. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದು ಒಂದೇ ಒಂದು ಹಕಾರವನ್ನೂ ಉಚ್ಚರಿಸದ ತಿಮ್ಮರಾಜು, ಆ ದಿನ ಆ ಒಂದು ಪದವನ್ನು ಮಾತ್ರ ಅತ್ಯಂತ ಶುದ್ಧವಾಗಿ ಹೇಳಿದ್ದ. ತಪ್ಪಾದ ಹಕಾರ ನನ್ನದು.

"ಎಷ್ಟಿತ್ತು ತಿಮ್ಮರಾಜು?"

"ಐದು ಸೇರು. ಅಜ್ಜಿ ಕೊಟ್ಟಿದ್ದೇ ಅಷ್ಟು ಬಾವ. ಬಸುರಿ ಎಂಗ್ಸಿಗೆ ಅಂದಿದ್ಕೆ ಬಿತ್ನೆಗೆ ಮಡ್ಗಿದ್ರಾಗೆ ತೆಗ್ದು ಕೊಟ್ಲು. ತುಮಕೂರಿನೋರು ನಿಮ್ಮನ್ನ ಬೈಕೊಂಡ್ ಓದ್ರು."

ನಾವು ನಾಲ್ವರೂ ಕಣದಲ್ಲಿ ಮಂಡಿಯೂರಿದೆವು. ಬೀಗರು ಬಿಳೀ ಪಂಚೆ ಮಡಚಿ ಕಟ್ಟಿಕೊಂಡು, ನೆಲದ ಸಂದಿನಿಂದ ಒಂದೊಂದೇ ಕಾಳು ಹೆಕ್ಕಿದರು. ನವಿಲುಗಳು ಊಟ ಮುಗಿಸಿ ಹೋಗುವಾಗ ಬಿಟ್ಟುಹೋದ ಕಾಣಿಕೆಗಳನ್ನು ಬೇರ್ಪಡಿಸಿದ ಮೇಲೆ ಒಟ್ಟು ಎರಡು ಹಿಡಿಯಾಯಿತು. ಗೌರಮ್ಮ ಕೇರಿ, ಕಲ್ಲು ಆರಿಸಿ, ಒಂದು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಟ್ಟಳು. "ಬಾವ ಅನ್ನೋರು ಅಣ್ಣನ ಸಮ ಅಂತ ಸುಮ್ನಿದ್ದೀನಿ" ಎಂದೂ ಸೇರಿಸಿದಳು.

ನನ್ನ ಹೆಂಡತಿ ಪಾವಗಡದ ಕಡೆಯವಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗು ಬರುತ್ತದೆ. ಗಂಟು ಬಿಚ್ಚಿ ನೋಡಿದಾಗ ತೆಲುಗೂ ಬರಲಿಲ್ಲ. ಅಷ್ಟು ಸಿಟ್ಟು.

ನಾನೇ ಬಾಯಿಬಿಟ್ಟೆ. "ಬೆಳ್ಳಕ್ಕಿ ಅಂದರೆ ಹಕ್ಕಿ ತಾನೇ? ಅದೇ ನಿಯಮದ ಪ್ರಕಾರ..."

"ಇಡ್ಕೊಂಡ್ ಬನ್ನಿ ಆ ಬೆಳ್ಳಕ್ಕೀನ. ಬೀಗರಿಗೆ ಅದ್ರಲ್ಲೇ ಅನ್ನ ಮಾಡ್ತೀನಿ."

"ಸರೋಜ, ನಿಜವಾದ ಕೆಂಪು ರಾಟವಾಳ ಕಂಡಿತು ಗೊತ್ತಾ?"

"ಕಾಣ್ದೆ ಏನು? ಮಗಳ ಬಯಕೆ ತಿನ್ನಾಕೆ ಬಂದಿದ್ವು. ರೇಖನ ಮಗೂಗೆ ಕಿವಿ ಸೋರಿದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ. ಮೊದ್ಲು ನಿಮ್ಮ ಕಿವಿ ತೋರಿಸ್ಕೊಂಡ್ ಬನ್ನಿ."

ಭಾನುವಾರ ಮನೆ ತುಂಬ ಜನ. ಎಲ್ಲರಿಗೂ ಅಂಗಡಿಯ ಬಿಳಿ ಅಕ್ಕಿಯ ಅನ್ನ. ರೇಖಾಳ ಎಲೆಯ ನಡುವೆ ಮಾತ್ರ ಒಂದು ಪುಟ್ಟ ಬಟ್ಟಲು ಕೆಂಪಕ್ಕಿ ಅನ್ನ, ಮೇಲೆ ಅವರೆಕಾಳು ಸಾರು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ದುರ್ಬೀನು ಇರಲಿಲ್ಲ, ಸರೋಜ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ರೇಖಾ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅಜ್ಜಿಯನ್ನು ನೆನೆಸಿಕೊಂಡಳೋ ಏನೋ, ಕಣ್ಣಂಚಿನಲ್ಲಿ ನೀರು. ಅದು ಅವಳ ಕೆನ್ನೆಯ ಮೇಲೆ ಇಳಿಯುತ್ತಿದ್ದಾಗಲೇ ನಗುತ್ತಲೂ ಇದ್ದಳು. ಮಳೆ ಬಿಸಿಲು ಎರಡೂ ಒಟ್ಟಿಗೆ. ಅಂಥದ್ದನ್ನು ನಾನು ಬುಕ್ಕಾಪಟ್ಟಣದ ಕಾಡಿನಲ್ಲಿ ಎಲ್ಲೂ ನೋಡಿರಲಿಲ್ಲ.

ಬಟ್ಟಲು ಬಳಿದು ತಿಂದು ಕೇಳಿದಳು: "ಇನ್ನಷ್ಟಿಲ್ವೇನಮ್ಮಾ?"

ಸರೋಜ ನನ್ನ ಕಡೆ ತಿರುಗಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ಆಗ ಬೀಗರು ತಮ್ಮ ಜೀವಮಾನದ ಅತಿ ದೀರ್ಘ ಭಾಷಣ ಮಾಡಿದರು. "ನವಿಲು ತಿಂದವಮ್ಮ. ಐದು. ನಿಮ್ಮಪ್ಪ ಮುಂದೆ ನಿಂತು ತಿನ್ನಿಸಿದರು. ಕಣ್ಣಾರೆ ಕಂಡಿದ್ದೇನೆ."

ಎರಡು ತಿಂಗಳ ಮೇಲೆ ಮೊಮ್ಮಗಳು ಹುಟ್ಟಿದಳು. ಎಲ್ಲರೂ ಮೂಗು ಯಾರದು, ಬಣ್ಣ ಯಾರದು ಎಂದು ನೋಡುತ್ತಿದ್ದರೆ ಸರೋಜ ಮಗುವಿನ ಎರಡೂ ಕಿವಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದಳು. ಸೋರುತ್ತಿರಲಿಲ್ಲ. "ಸದ್ಯ, ತಾತನ ಕಿವಿ ಬಂದಿಲ್ಲ, ಬದುಕ್ತು ಕೂಸು" ಎಂದಳು.

ತಿಮ್ಮರಾಜು ಮಾತ್ರ ಆ ದಿನದಿಂದ ಬಹಳ ಎಚ್ಚರವಾಗಿದ್ದಾನೆ. ನನ್ನ ಜೊತೆ ಮಾತಾಡುವಾಗ ಯಾವ ಹಕಾರವನ್ನೂ ಬಿಡುವ ಧೈರ್ಯ ಮಾಡುವುದಿಲ್ಲ. ಬೇಕಾದಲ್ಲಿ ಹಾಕುತ್ತಾನೆ, ಬೇಡದಲ್ಲೂ ಹಾಕುತ್ತಾನೆ. ನಮ್ಮ ತಾತನ ಪಾಠ ಕೊನೆಗೂ ಒಬ್ಬರಿಗೆ ಹತ್ತಿತಲ್ಲ ಎಂದು ನನಗೆ ಹೆಮ್ಮೆ. ಮೊನ್ನೆ ಫೋನು ಮಾಡಿದ್ದ.

"ಹೇನ್ ತಿಮ್ಮರಾಜು, ಸಮಾಚಾರ?" ಎಂದೆ. ಹೌದು, ನನಗೂ ಅಂಟಿದೆ.

"ಹೊಂದು ವಿಷ್ಯ ಹೈತೆ ಬಾವ" ಎಂದ.

"ಹೇಳು. ಹಕ್ಕಿಯೋ, ಅಕ್ಕಿಯೋ?"

ಅವನು ಹೊಟ್ಟೆಯಿಂದ ಉಸಿರೆಳೆದುಕೊಂಡದ್ದು ಇಲ್ಲಿಗೂ ಕೇಳಿಸಿತು. ಆಮೇಲೆ ಅತ್ಯಂತ ಸ್ಪಷ್ಟವಾಗಿ ಹೇಳಿದ:

"ವಸಿ ಹಕ್ಕಂಗೆ ಫೋನ್ ಕೊಡಿ ಬಾವ."

ಕೊಟ್ಟೆ.