ಆರುನೂರು ಜನ ಬೇಕಾಗಿದ್ದಾರೆ

ಐವತ್ತೆಂಟು ಅಂತ ಬಾಯಿ ಬಿಟ್ಟದ್ದೇ ತಪ್ಪಾಯಿತು.

ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಬೆವರು ಒರೆಸಿಕೊಳ್ಳುತ್ತಾ ಪುರಸಭೆ ಕಚೇರಿಗೆ ನುಗ್ಗಿದ ಗುಮಾಸ್ತನನ್ನು ಹೆಡ್‌ಕ್ಲರ್ಕು ಕನ್ನಡಕದ ಮೇಲಿಂದ ನೋಡಿ, ಇವತ್ತೇನು ಕಾರಣ ಅಂತ ಕೇಳಿದರು. ಕಾರಣ ಇಬ್ಬರಿಗೂ ಗೊತ್ತಿದ್ದದ್ದೇ. ಗುಮಾಸ್ತನ ಮನೆ ರೈಲು ಹಳಿಯ ಒಂದು ಕಡೆ, ಕಚೇರಿ ಇನ್ನೊಂದು ಕಡೆ, ನಡುವೆ ಒಂದು ಗೇಟು. ಊರಿಗೆ ಸ್ಟೇಷನ್ನಿಲ್ಲ, ಯಾವ ಗಾಡಿಯೂ ಇಲ್ಲಿ ನಿಲ್ಲುವುದಿಲ್ಲ. ಹೋದ ವರ್ಷದವರೆಗೆ ದಿನಕ್ಕೆ ನಾಲ್ಕು ಗೂಡ್ಸ್ ಗಾಡಿ ಹೋಗುತ್ತಿದ್ದ ಆ ಹಳಿಯ ಮೇಲೆ ಈಗ ಇಪ್ಪತ್ತಾರು ಹೋಗುತ್ತವೆ. ಒಂದೊಂದೂ ಬಸುರಿ ಎಮ್ಮೆಯ ಹಾಗೆ ನಿಧಾನ. ದಿನಾ ಬಂದು "ಗೇಟು ಸರ್" ಅಂತ ಹೇಳಿ ಹೇಳಿ ಕಚೇರಿಯಲ್ಲಿ ಅವನಿಗೆ ಗೇಟಪ್ಪ ಅಂತಲೇ ಹೆಸರು ಬಿದ್ದಿತ್ತು. ಆವತ್ತು ಮಾತಿಗೆ ಸ್ವಲ್ಪ ತೂಕ ಬರಲಿ ಅಂತ, "ಐವತ್ತೆಂಟು ವ್ಯಾಗನ್ನು ಸರ್. ಒಂದೊಂದಾಗಿ ಎಣಿಸಿದೆ" ಅಂದುಬಿಟ್ಟ.

ಹೆಡ್‌ಕ್ಲರ್ಕು ಪೆನ್ನು ಕೆಳಗಿಟ್ಟರು. ಎಣಿಸುವ ಕೆಲಸ ನಿಮಗೆ ಒಗ್ಗಿದ ಹಾಗಿದೆ, ಹಾಗಾದರೆ ಇವತ್ತು ಅದನ್ನೇ ಮಾಡಿ ಅಂತ ಹೇಳಿ ಒಂದು ದಪ್ಪ ಪುಸ್ತಕ, ಒಂದು ಮಡಚುವ ಕುರ್ಚಿ ಕೈಗಿತ್ತರು.

ವಿಷಯ ಏನೆಂದರೆ, ಗೇಟಿನ ಮೇಲೆ ಸೇತುವೆಯೊಂದು ಬೇಕು ಅನ್ನುವುದರಲ್ಲಿ ಊರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ದುಡ್ಡು ಯಾರು ಕೊಡಬೇಕು ಅನ್ನುವುದರಲ್ಲಿ ಮಾತ್ರ ಇತ್ತು. ಹಳಿಯ ಒಂದು ಕಡೆ ಬರೀ ಮನೆಗಳು, ಇನ್ನೊಂದು ಕಡೆ ಬರೀ ಅಂಗಡಿ, ಕಚೇರಿ. ಮನೆ ಕಡೆಯವರ ಸಂಘಕ್ಕೆ ಒಬ್ಬರು ರಿಟೈರ್ಡ್ ಮೇಷ್ಟ್ರು ಅಧ್ಯಕ್ಷರು. ನಾವು ದಾಟಿ ಬಂದರೆ ತಾನೇ ಇವರ ವ್ಯಾಪಾರ, ಅಂಗಡಿಯವರೇ ಸೇತುವೆ ಕಟ್ಟಿಸಲಿ ಅನ್ನುವುದು ಅವರ ವಾದ. ಅಂಗಡಿ ಕಡೆಯವರಿಗೆ ಬೇಕರಿ ಯಜಮಾನರು ಅಧ್ಯಕ್ಷರು. ದಾಟುವ ಕಾಲು ಯಾರದೋ ಸೇತುವೆ ಅವರದೇ ಅನ್ನುವುದು ಅವರ ವಾದ. ಎಂಟು ತಿಂಗಳಿಂದ ಇಬ್ಬರೂ ಎದುರಿಗೆ ಸಿಕ್ಕರೆ ಆಕಾಶ ನೋಡುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ನಡುವೆ ಗೇಟಪ್ಪ ಬಡವಾಗಿದ್ದ.

ಈಗ ಮೇಲಿನಿಂದ ಆದೇಶ ಬಂದಿತ್ತು. ಗೇಟು ಮುಚ್ಚಿದಾಗ ಕಾದು ನಿಲ್ಲುವವರು ಬೆಳಿಗ್ಗೆಯಿಂದ ಸಂಜೆಯೊಳಗೆ ಆರುನೂರು ದಾಟಿದರೆ ಸೇತುವೆಯ ಪೂರಾ ಖರ್ಚು ಸರ್ಕಾರದ್ದು. ದಾಟದಿದ್ದರೆ ಅರ್ಧ ಖರ್ಚನ್ನು ಮನೆಮನೆ, ಅಂಗಡಿ ಅಂಗಡಿಗೆ ಹಂಚಿ ವಸೂಲು ಮಾಡಬೇಕು. ಎಣಿಸುವುದಕ್ಕೆ ಒಂದೇ ದಿನ. ಅದೂ ಇವತ್ತೇ.

ಗೇಟಪ್ಪ ಗೇಟಿನ ಪಕ್ಕದ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತ. ಜೀವನದಲ್ಲಿ ಮೊದಲ ಸಲ ಗೇಟು ಅವನಿಗೆ ಶತ್ರುವಾಗಿ ಕಾಣಲಿಲ್ಲ, ಗಿರಾಕಿಯಾಗಿ ಕಂಡಿತು. ನಾಲ್ಕು ಉದ್ದ ಗೀಟು, ಮೇಲೊಂದು ಅಡ್ಡ ಗೀಟು, ಐದು. ಮತ್ತೆ ನಾಲ್ಕು, ಮತ್ತೊಂದು ಅಡ್ಡ. ಆದರೆ ಆವತ್ತು ಯಾಕೋ ಜನವೇ ಇಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕೂಡಿಸಿ ನೋಡಿದರೆ ನೂರ ಮೂವತ್ತೆಂಟು. ಈ ಲೆಕ್ಕದಲ್ಲಿ ಸಂಜೆಗೆ ಮುನ್ನೂರೂ ಮುಟ್ಟುವುದಿಲ್ಲ, ಸೇತುವೆ ತನ್ನ ಆಯುಸ್ಸಿನಲ್ಲಿ ಬರುವುದಿಲ್ಲ ಅಂತ ಅವನ ಮುಖ ಒಣಗಿತು.

ಆ ಹೊತ್ತಿಗೆ ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಊಟದ ಡಬ್ಬಿ ತಂದರು. ಅಳಿಯನ ಮುಖ ನೋಡಿದರೆ ಸಾಕು, ಅವರಿಗೆ ಎಲ್ಲ ಗೊತ್ತಾಗುತ್ತದೆ. ಗೊತ್ತಾಗದೆ ಉಳಿದದ್ದನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಕೇಳಿದರು. ಆರುನೂರು ಆಗದಿದ್ದರೆ ತಮ್ಮ ಮನೆಗೂ ಚೀಟಿ ಬರುತ್ತದೆ ಅಂತ ತಿಳಿದ ತಕ್ಷಣ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನೀವು ಊಟ ಮಾಡಿ, ನಾನು ಈಗ ಬಂದೆ" ಅಂತ ಹೊರಟರು.

ಅವರು ಹೋಗಿ ಇಪ್ಪತ್ತು ನಿಮಿಷಕ್ಕೆ ಮನೆ ಕಡೆಯ ಬೀದಿಗಳೆಲ್ಲ ಬಾಗಿಲು ತೆರೆದವು. ಒಡೆದ ಇರುವೆ ಗೂಡಿನ ಹಾಗೆ ಜನ. ಮೇಷ್ಟ್ರು ಮುಂದೆ, ಹಿಂದೆ ಚೀಲ ಹಿಡಿದವರು, ಮಗು ಎತ್ತಿಕೊಂಡವರು, ಹಲ್ಲುನೋವಿಲ್ಲದೆ ಹಲ್ಲಿನ ಡಾಕ್ಟರ ಹತ್ತಿರ ಹೊರಟವರು. ಸುಮ್ಮನೆ ಬಂದ ಹಾಗೆ ಕಾಣಬಾರದು, ಎಲ್ಲರ ಕೈಯಲ್ಲೂ ಒಂದು ಚೀಲ ಇರಲೇಬೇಕು ಅಂತ ಅತ್ತೆ ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಇದನ್ನು ನೋಡಿದ ಬೇಕರಿ ಯಜಮಾನರಿಗೆ ವಿಷಯ ತಿಳಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಅವರ ಕಡೆಯಿಂದಲೂ ಅಂಗಡಿಗಳಿಗೆ ಬೀಗ ಜಡಿದು ಟೈಲರು, ಗಡಿಯಾರ ರಿಪೇರಿಯವರು, ಚಪ್ಪಲಿ ಅಂಗಡಿಯವರು, ಅವರ ಮನೆಯವರು, ಎಲ್ಲ ಬಂದು ನಿಂತರು.

ಗೂಡ್ಸ್ ಗಾಡಿ ಬಂತು, ಗೇಟು ಬಿತ್ತು, ಗೇಟಪ್ಪನ ಪೆನ್ನು ಓಡಿತು. ಗೇಟು ಎದ್ದಿತು. ಈ ಕಡೆಯವರು ಆ ಕಡೆಗೆ, ಆ ಕಡೆಯವರು ಈ ಕಡೆಗೆ ಹೋಗಿ, ತಿರುಗಿ ನಿಂತು, ಮುಂದಿನ ಗಾಡಿಗೆ ತಯಾರಾದರು. ಆದೇಶದಲ್ಲಿ ಕಾಯುವ ತಲೆ ಎಣಿಸಿ ಅಂತ ಇತ್ತೇ ಹೊರತು ಅದೇ ತಲೆ ಮತ್ತೆ ಬರಬಾರದು ಅಂತ ಎಲ್ಲೂ ಇರಲಿಲ್ಲ. ಆದರೂ ಗೇಟಪ್ಪನಿಗೆ ಮನಸ್ಸು ಚುಚ್ಚಿತು. ಅತ್ತೆ ಒಮ್ಮೆ ಕನ್ನಡಕ ಹಾಕಿಕೊಂಡು, ಒಮ್ಮೆ ಛತ್ರಿ ಹಿಡಿದು, ಒಮ್ಮೆ ಶಾಲು ಹೊದ್ದು ಬಂದಿದ್ದರು.

"ಅತ್ತೆ, ನಿಮ್ಮನ್ನ ಆಗಲೇ ಮೂರು ಸಲ ಬರ್ಕೊಂಡಿದ್ದೀನಿ" ಅಂದ ಪಿಸುಮಾತಿನಲ್ಲಿ.

"ಆಗ ಹೋದವಳು ಬ್ಯಾಂಕಿಗೆ ಹೋದವಳು. ಈಗ ಹೋಗ್ತಿರೋಳು ಟೈಲರ್ ಹತ್ರ ಹೋಗೋಳು. ಇಬ್ಬರೂ ಒಂದೇ ಹೇಗಾಗ್ತಾರೆ?"

ಟೈಲರ್ ಅಂಗಡಿಗೆ ಬೀಗ ಹಾಕಿ ಪಕ್ಕದಲ್ಲೇ ನಿಂತಿದ್ದಾನಲ್ಲ ಅಂತ ಗೇಟಪ್ಪ ಹೇಳಹೋದ. ಅತ್ತೆ ಆಗಲೇ ಹಳಿ ದಾಟಿಯಾಗಿತ್ತು.

ಮೂರು ಗಂಟೆಗೆ ಲೆಕ್ಕ ನಾನೂರ ಹನ್ನೊಂದು. ಇನ್ನೆರಡು ಗಾಡಿ ಬಂದರೆ ಮುಗಿಯಿತು ಅನ್ನುವಷ್ಟರಲ್ಲಿ ಗಾಡಿಗಳು ನಿಂತೇ ಹೋದವು.

ಮೂರೂಕಾಲಾಯಿತು. ಮೂರೂವರೆಯಾಯಿತು. ವರ್ಷವಿಡೀ ಜೀವ ತಿಂದ ಗೂಡ್ಸ್ ಗಾಡಿಗಳಲ್ಲಿ ಒಂದೂ ಇಲ್ಲ. ಗೇಟು ಎರಡೂ ಕೈ ಎತ್ತಿ ಹಾಯಾಗಿ ನಿಂತಿತ್ತು. ಸುದ್ದಿ ಕೇಳಿ ಆಮೇಲೆ ಬಂದವರೂ ಸೇರಿ ಅದರ ಎರಡೂ ಕಡೆ ಈಗ ಇನ್ನೂರು ಮುನ್ನೂರು ಜನ, ದಾರಿ ಪೂರ್ತಿ ತೆರೆದಿದ್ದರೂ ಒಂದು ಹೆಜ್ಜೆ ಮುಂದಿಡದೆ, ಅದು ಯಾವಾಗ ಮುಚ್ಚುತ್ತದೋ ಅಂತ ನೋಡುತ್ತಾ ನಿಂತಿದ್ದರು. ಸೈಕಲ್ಲಿನಲ್ಲಿ ಬಂದ ಪೋಸ್ಟ್‌ಮ್ಯಾನ್ ಒಬ್ಬರು ದಾಟಹೊರಟರೆ ನಾಲ್ಕು ಜನ ಹಿಡಿದು ನಿಲ್ಲಿಸಿದರು. ಮೇಷ್ಟ್ರು ಗೇಟ್‌ಮ್ಯಾನ್ ಹತ್ತಿರ ಹೋಗಿ, ಗಾಡಿ ಬರದಿದ್ದರೂ ಒಂದು ಸಲ ಗೇಟು ಹಾಕಲಾಗುವುದಿಲ್ಲವೇ ಅಂತ ವಿನಯದಿಂದ ಕೇಳಿದರು. ಇಷ್ಟು ದಿನ ಎಲ್ಲರ ಬಾಯಲ್ಲೂ ಗೇಟು ತೆಗಿ ಅಂತ ಬೈಸಿಕೊಂಡೇ ಅಭ್ಯಾಸವಿದ್ದ ಗೇಟ್‌ಮ್ಯಾನ್‌ಗೆ ಕಣ್ಣು ತುಂಬಿ ಬಂತು. ಆದರೆ ಆಗುವುದಿಲ್ಲ, ಹಿಂದಿನ ಸ್ಟೇಷನ್ನಿನಿಂದ ಗಂಟೆ ಹೊಡೆಯಬೇಕು ಅಂದ.

ಕಾದು ಕಾದು ಜನರಿಗೆ ಹಸಿವಾಯಿತು. ಬೇಕರಿ ಯಜಮಾನರು ತಟ್ಟೆಗಟ್ಟಲೆ ಬನ್ನು ತರಿಸಿದರು. ಮೊದಲು ತಮ್ಮ ಕಡೆಗೆ ಹಂಚಿದರು. ಎದುರಿಗಿರುವ ಮಕ್ಕಳು ನೋಡುತ್ತಿದ್ದವು, ಮನಸ್ಸು ತಡೆಯಲಿಲ್ಲ, ಹಳಿ ದಾಟಿ ಮನೆ ಕಡೆಯವರಿಗೂ ಕೊಟ್ಟರು. ಮೇಷ್ಟ್ರ ಮುಂದೆ ತಟ್ಟೆ ಹಿಡಿದಾಗ ಇಬ್ಬರೂ ಅಭ್ಯಾಸಬಲದಿಂದ ಒಮ್ಮೆ ಆಕಾಶ ನೋಡಿದರು. ಆಮೇಲೆ ಮೇಷ್ಟ್ರು ಒಂದು ಬನ್ನು ತೆಗೆದುಕೊಂಡು, ನಿಮ್ಮ ಬೇಕರಿಯ ವಾಸನೆ ನಮ್ಮ ಮನೆವರೆಗೆ ಬರುತ್ತದೆ, ರುಚಿ ನೋಡಿದ್ದು ಇವತ್ತೇ ಅಂದರು. ಹತ್ತು ನಿಮಿಷದಲ್ಲಿ ಇಬ್ಬರೂ ಒಂದೇ ಕಲ್ಲಿನ ಮೇಲೆ ಕೂತು ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಅಂತ ಮಾತಾಡುತ್ತಿದ್ದರು. ಹೆಂಗಸರು ತಾವು ಯಾವ ಕಡೆಯವರು ಅನ್ನುವುದನ್ನೇ ಮರೆತು ಬೆರೆತುಹೋಗಿದ್ದರು. ಗೇಟಪ್ಪನ ಹೆಂಡತಿಯೂ ಬಂದಿದ್ದಳು. ಅವಳು ಅವನಿಗೆ ಅರ್ಧ ಬನ್ನು ಕೊಟ್ಟು, "ನಿಮ್ಮಿಂದ ಊರೇ ಒಂದಾಯ್ತು ನೋಡಿ" ಅಂದಾಗ ಅವನ ಎದೆ ಒಂದು ಗೇಣು ಅಗಲವಾಯಿತು. ಮದುವೆಯಾದಾಗಿನಿಂದ ನಿಮ್ಮಿಂದ ಅಂತ ಶುರುವಾದ ಮಾತು ಹೀಗೆ ಚೆನ್ನಾಗಿ ಮುಗಿದದ್ದು ಅದೇ ಮೊದಲು.

ನಾಲ್ಕೂಕಾಲಿಗೆ ಗೇಟ್‌ಮ್ಯಾನ್ ಕೋಣೆಯಲ್ಲಿ ಗಂಟೆ ಹೊಡೆಯಿತು. ಗೇಟು ಇಳಿಯಿತು. ಜನ ಹೋ ಅಂತ ಕೇಕೆ ಹಾಕಿದರು, ಚಪ್ಪಾಳೆ ತಟ್ಟಿದರು, ಮಕ್ಕಳನ್ನು ಹೆಗಲಿಗೇರಿಸಿ ಕೈ ಬೀಸಿಸಿದರು. ಗೇಟಪ್ಪನ ಪೆನ್ನು ಮಿಂಚಿನ ಹಾಗೆ ಓಡಿತು. ಐನೂರು, ಐನೂರೈವತ್ತು, ಆರುನೂರು, ಆರುನೂರ ನಲವತ್ತು. ಅಡಿಯಲ್ಲಿ ಎರಡು ಗೆರೆ ಎಳೆದು ತಲೆಯೆತ್ತಿದರೆ, ಬಂದದ್ದು ಗೂಡ್ಸ್ ಗಾಡಿಯಲ್ಲ. ಒಂದೇ ಒಂದು ಬೋಗಿಯ, ಕನ್ನಡಿ ಕಿಟಕಿಯ, ತೊಳೆದಿಟ್ಟ ಹಾಗಿದ್ದ ಗಾಡಿ. ರೈಲ್ವೆಯ ದೊಡ್ಡ ಸಾಹೇಬರು ಹಳಿ ನೋಡಲು ಬಂದಿದ್ದರು. ಅವರಿಗಾಗಿ ಉಳಿದ ಗಾಡಿಗಳನ್ನೆಲ್ಲ ತಡೆದಿದ್ದರು.

ಚಪ್ಪಾಳೆ ಕೇಳಿ ಸಾಹೇಬರು ಗಾಡಿ ನಿಲ್ಲಿಸಿ ಇಳಿದರು. ಅವರು ಹೋದ ಕಡೆಯಲ್ಲೆಲ್ಲ ಜನ ಬೈದಿದ್ದರು, ಅರ್ಜಿ ಕೊಟ್ಟಿದ್ದರು, ಒಂದು ಕಡೆ ಟೊಮೇಟೊವನ್ನೂ ಎಸೆದಿದ್ದರಂತೆ. ರೈಲು ಕಂಡು ಕುಣಿಯುವ ಜನರನ್ನು ನೋಡಿದ್ದು ಇದೇ ಮೊದಲು. ಇದೇನು ಅಂತ ಗೇಟ್‌ಮ್ಯಾನನ್ನು ಕೇಳಿದರೆ ಅವನು ಪುಸ್ತಕ ಹಿಡಿದಿದ್ದ ಗೇಟಪ್ಪನ ಕಡೆ ಬೆರಳು ತೋರಿಸಿದ.

"ಇವರೆಲ್ಲ ಯಾತಕ್ಕೆ ನಿಂತಿದ್ದಾರೆ?"

ಗೇಟಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. "ರೈಲಿಗೆ ಕಾಯ್ತಿದ್ದಾರೆ ಸರ್."

"ಎಷ್ಟು ಹೊತ್ತಿಂದ?"

"ಒಂದೂಕಾಲು ಗಂಟೆಯಿಂದ ಸರ್. ಒಟ್ಟು ಆರುನೂರ ನಲವತ್ತು."

ಸಾಹೇಬರು ಚೀಲ ಹಿಡಿದು ನಿಂತ ಜನರನ್ನೂ ಹೆಗಲ ಮೇಲಿನ ಮಕ್ಕಳನ್ನೂ ನೋಡಿದರು. ಇಷ್ಟು ಜನ ಪ್ರಯಾಣಿಕರು ಗಂಟು ಮೂಟೆ ಸಮೇತ ಬಿಸಿಲಲ್ಲಿ ಕಾಯುತ್ತಿರುವಾಗ ಇಲ್ಲಿ ಒಂದು ಗಾಡಿಯನ್ನೂ ನಿಲ್ಲಿಸದೆ ಹೋದದ್ದು ಇಲಾಖೆಯ ತಪ್ಪು ಅಂತ ಗಟ್ಟಿಯಾಗಿ ಹೇಳಿ, ನಾಳೆಯಿಂದಲೇ ಇಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಲುತ್ತದೆ ಅಂತ ಅಲ್ಲೇ ಅಪ್ಪಣೆ ಮಾಡಿದರು.

"ಸರ್, ಹಾಗಲ್ಲ, ಇವರು ಕಾಯ್ತಿರೋದು ರೈಲು ಹೋಗ್ಲಿ ಅಂತ" ಅಂತ ಗೇಟಪ್ಪ ಶುರುಮಾಡಿದ. ಆದರೆ ಊರಿಗೆ ರೈಲು ನಿಲ್ಲುತ್ತದೆ ಅಂತ ಕೇಳಿದ ಜನರ ಗದ್ದಲದಲ್ಲಿ ಅವನ ದನಿ ಅವನಿಗೇ ಕೇಳಿಸಲಿಲ್ಲ. ಅತ್ತೆ ಅವನ ತೋಳು ಚಿವುಟಿ, ಸುಮ್ಮನಿರಿ, ಬಂದ ಭಾಗ್ಯವನ್ನ ಕಾಲಲ್ಲಿ ಒದೀತಾರಾ ಅಂದರು. ಸೇತುವೆಯ ಮಾತು ಯಾರಿಗೂ ನೆನಪಿರಲಿಲ್ಲ. ಮೇಷ್ಟ್ರು ಪ್ಲಾಟ್‌ಫಾರಂ ಮನೆ ಕಡೆ ಆಗಬೇಕು ಅಂದರು. ಬೇಕರಿ ಯಜಮಾನರು ಅಂಗಡಿ ಕಡೆ ಅಂದರು. ಇಬ್ಬರೂ ಕಲ್ಲಿನಿಂದ ಎದ್ದು ದೂರ ನಿಂತರು.

ಸಾಹೇಬರ ಗಾಡಿ ಹೋದ ಮೇಲೆ ಗೇಟಪ್ಪ ಗೇಟ್‌ಮ್ಯಾನ್ ಹತ್ತಿರ ಹೋಗಿ, ಪ್ಲಾಟ್‌ಫಾರಂ ಕಟ್ಟುವವರೆಗೆ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ಕೇಳಿದ.

"ಇನ್ನೆಲ್ಲಿ, ಈ ರಸ್ತೆ ಮೇಲೇ. ಜನ ಹತ್ತಿ ಇಳಿಯೋಕೆ ಸಮ ಜಾಗ ಬೇಕಲ್ಲ. ಒಂಬತ್ತೂಕಾಲಿಗೆ ಬಂದ್ರೆ ಹತ್ತಕ್ಕೆ ಹೊರಡುತ್ತಂತೆ. ಹಿಂದೆ ಗೂಡ್ಸ್‌ಗಳು ಕ್ಯೂ ನಿಲ್ತಾವೆ."

ಗೇಟಪ್ಪ ಪುಸ್ತಕ, ಕುರ್ಚಿ ಹೊತ್ತು ಕಚೇರಿಗೆ ಹೋದ. ಆರುನೂರ ನಲವತ್ತು ಅಂತ ಬರೆದ ಪುಟ ಬಿಡಿಸಿ ತೋರಿಸುವ ಮೊದಲೇ ಹೆಡ್‌ಕ್ಲರ್ಕು ಎದ್ದು ಬಂದು ಅವನ ಬೆನ್ನು ತಟ್ಟಿದರು. ರೈಲ್ವೆಯಿಂದ ಫೋನು ಬಂದಿತ್ತಂತೆ. ರೈಲನ್ನು ಇಷ್ಟು ಪ್ರೀತಿಸುವ ಜನಕ್ಕೆ ಅದನ್ನು ಹಾರಿ ಹೋಗಲು ಸೇತುವೆ ಯಾಕೆ ಅಂತ ಸೇತುವೆಯ ಫೈಲು ಮುಚ್ಚಲಾಗಿತ್ತು. ಇಷ್ಟಕ್ಕೆಲ್ಲ ಕಾರಣರಾದವರು ನೀವೇ ಅಂತ ಹೇಳಿ ಹೆಡ್‌ಕ್ಲರ್ಕು ಒಂದು ಲೋಟ ಟೀ ಕುಡಿಸಿದರು. ಗೇಟಪ್ಪ ಕುಡಿದು, ಥ್ಯಾಂಕ್ಸ್ ಹೇಳಿ, ಬಾಗಿಲವರೆಗೆ ಬಂದಾಗ ಹಿಂದಿನಿಂದ ಕರೆದರು.

"ನಾಳೆ ಒಂಬತ್ತೂವರೆಗೆ ಸರಿಯಾಗಿ ಬಂದ್ಬಿಡಿ. ಗಾಡಿ ನಿಲ್ಲಿಸಿದ್ದಕ್ಕೆ ರೈಲ್ವೆಯವರಿಗೆ ಕೃತಜ್ಞತಾ ಪತ್ರ ಟೈಪ್ ಮಾಡ್ಬೇಕು. ಅದೊಂದು ದಿನ ಮಾತ್ರ ಲೇಟಾಗೋದು ಬೇಡ."