ನಿದ್ದೆಗೆಟ್ಟವಳ ಸಂಗೀತ ಸೇವೆ

“ಆರಾಮಾಗಿರಿ” ಎಂದು ಯಾರಾದರೂ ನನಗೆ ಹೇಳಿದರೆ ಸಾಕು, ನನ್ನ ಎರಡೂ ಭುಜಗಳು ತಾವಾಗಿಯೇ ಕಿವಿಯ ಹತ್ತಿರಕ್ಕೆ ಏರಿಬಿಡುತ್ತವೆ. ಆರಾಮು ಎನ್ನುವುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ಯಜಮಾನರನ್ನೇ ನೋಡಿ. ಧಾರಾಪುರದಲ್ಲಿ, ಅಮರಾವತಿ ಹೊಳೆಯ ಹತ್ತಿರದ ಮನೆಯಲ್ಲಿ ಬೆಳೆದವರು. ತಲೆ ದಿಂಬಿಗೆ ತಾಗುವ ಮೊದಲೇ ಅವರ ಗೊರಕೆ ಶುರುವಾಗಿರುತ್ತದೆ. ನಾನು ಮಾತ್ರ ಮದುವೆಯಾಗಿ ಪೀಳಮೇಡಿನ ಈ ಮೂರನೇ ಮಹಡಿಯ ಫ್ಲಾಟಿಗೆ ಬಂದಾಗಿನಿಂದ ಫ್ಯಾನಿನ ರೆಕ್ಕೆ ನೋಡುತ್ತಾ ಬಿದ್ದುಕೊಂಡಿದ್ದೇನೆ. ಮಾಡದ ಆರೈಕೆ ಇಲ್ಲ. ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಂಡೆ, ಹಾಲಿಗೆ ಜಾಯಿಕಾಯಿ ತೇಯ್ದು ಕುಡಿದೆ. ಉಸಿರಾಡುವುದನ್ನು ಕಲಿಸುವ ಆ್ಯಪೊಂದನ್ನು ಫೋನಿಗೆ ಹಾಕಿಕೊಂಡೆ. ಐದು ಸಲ ಉಸಿರೆಳೆದು ಬಿಟ್ಟ ಮೇಲೆ ಅದು “ಭೇಷ್!” ಎಂದಾಗ ನಿಜಕ್ಕೂ ಬೆಚ್ಚಿಬಿದ್ದೆ. ಇಷ್ಟು ವರ್ಷ ಉಸಿರಾಡಿಕೊಂಡೇ ಬಂದಿದ್ದೆನಲ್ಲ, ಯಾರೂ ಒಂದು ಮಾತು ಹೊಗಳಿರಲಿಲ್ಲ. ಇನ್ನು ಸಂಗೀತವೋ, ಕೊಳಲು, ವೀಣೆ, ಮಳೆಯ ಸದ್ದು, ಕಡಲಿನ ಸದ್ದು, ಕೊನೆಗೆ ತಿಮಿಂಗಿಲ ಕೂಗುವುದನ್ನೂ ಕೇಳಿದ್ದಾಯಿತು. ಪಾಪ, ಅದಕ್ಕೂ ನಿದ್ದೆ ಬಂದಿರಲಿಲ್ಲ ಅಂತ ಕಾಣುತ್ತದೆ.

ನಾನು ಪಾಠ ಹೇಳುವುದು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ, ರಸಾಯನಶಾಸ್ತ್ರ. ಈ ವರ್ಷ ನಮ್ಮ ಆಡಳಿತ ಮಂಡಳಿಗೆ ಇದ್ದಕ್ಕಿದ್ದಂತೆ ಮಕ್ಕಳ ಮತ್ತು ಮೇಷ್ಟರುಗಳ ಮನಸ್ಸಿನ ಆರೋಗ್ಯದ ಮೇಲೆ ಕಾಳಜಿ ಹುಟ್ಟಿತು. ಒಳ್ಳೆಯದೇ. ನಿವೇದಿತಾ ಎಂಬ ಆಪ್ತಸಮಾಲೋಚಕಿಯನ್ನು ನೇಮಿಸಿಕೊಂಡರು. ನೋಡಲು ನಮ್ಮ ವಿದ್ಯಾರ್ಥಿನಿಯ ಹಾಗೇ ಇದ್ದ ಆ ಹುಡುಗಿ ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳುತ್ತಾಳೆ. ಈ ಗುಣ ನಮ್ಮ ಸ್ಟಾಫ್ ರೂಮಿನಲ್ಲಿ ಅದುವರೆಗೆ ಯಾರಿಗೂ ಇರಲಿಲ್ಲ. ಪ್ರತಿ ಬುಧವಾರ ಊಟವಾದ ಮೇಲೆ ಸಭಾಂಗಣದಲ್ಲಿ ಚಾಪೆ ಹಾಸಿ, ಮೊದಲ ವರ್ಷದವರೂ ಮೇಷ್ಟರುಗಳೂ ಒಟ್ಟಿಗೆ ಮಲಗಿ ಸಂಗೀತ ಕೇಳುವುದೆಂದು ಮೀಟಿಂಗಿನಲ್ಲಿ ತೀರ್ಮಾನವಾಯಿತು. “ಮನಸ್ಸು ಶಾಂತವಾಗೋ ಸಂಗೀತ ಯಾರಿಗೆ ಗೊತ್ತು?” ಎಂದು ಪ್ರಿನ್ಸಿಪಾಲರು ಕೇಳಿದರು. ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು. ನಾನು ಕೊಳಲಿನಿಂದ ತಿಮಿಂಗಿಲದವರೆಗೆ ಒಪ್ಪಿಸಿಬಿಟ್ಟೆ. “ಅಡಡಾ! ಅಪ್ಪೊ ಮ್ಯಾಡಂ, ನೀಂಗದಾನ್ ಮ್ಯೂಸಿಕ್ ಇನ್‌ಚಾರ್ಜ್!” ಎಂದು ಅವರು ತಮಿಳಿನಲ್ಲಿ ಆ ಹೊಣೆಯನ್ನು ನನಗೇ ಹೊರಿಸಿ ಮೇಜು ಕುಟ್ಟಿದರು. ಹತ್ತು ವೈದ್ಯರಿಂದಲೂ ವಾಸಿಯಾಗದ ರೋಗಿಯನ್ನು ಹನ್ನೊಂದನೇ ವೈದ್ಯೆಯನ್ನಾಗಿ ಕೂರಿಸಿದಂತಾಯಿತು.

ಮೊದಲ ಬುಧವಾರ ಕೊಳಲು ಹಾಕಿದೆ. ಅದರ ಪ್ರಭಾವ ನೋಡಿ ನನಗೇ ಗಾಬರಿಯಾಯಿತು. ನಾಲ್ಕೇ ನಿಮಿಷದಲ್ಲಿ ಸಭಾಂಗಣವೆಲ್ಲ ನೆಲಸಮ. ಪರೀಕ್ಷಾ ಹಾಲಿನಲ್ಲಿ ಹದ್ದಿನ ಕಣ್ಣಿಟ್ಟು ಸುತ್ತುವ ಫಿಸಿಕ್ಸ್‌ನ ಮುರುಗೇಶನ್ ಸರ್ ಬಾಯಿ ತೆರೆದುಕೊಂಡು ಮಲಗಿದ್ದರು. ಕಣ್ಣು ಬಿಟ್ಟುಕೊಂಡಿದ್ದವರು ಇಬ್ಬರೇ. ಒಬ್ಬಳು ವೇದಿಕೆಯ ಮೇಲಿದ್ದ ನಾನು. ಇನ್ನೊಬ್ಬಳು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದ ತೆಳ್ಳಗಿನ ಹುಡುಗಿ. ಅಷ್ಟು ದೂರದಿಂದಲೂ ಅವಳ ಕಣ್ಣ ಕೆಳಗಿನ ಕಪ್ಪು ಕಾಣುತ್ತಿತ್ತು.

ಆಮೇಲೆ ಅವಳನ್ನು ಲ್ಯಾಬಿಗೆ ಕರೆದು ಹೆಸರು ಕೇಳಿದೆ. “ಸೌಡಾಂಬಿಕಾ, ಮಿಸ್” ಎಂದಳು. ನಮ್ಮ ಕಡೆ ಆ ಹೆಸರು ಹೇಳಿದರೆ ಮನೆಯ ವಿಳಾಸ ಹೇಳಿದ ಹಾಗೆಯೇ. ಚೌಡೇಶ್ವರಿಯ ಒಕ್ಕಲು, ಮಗ್ಗದ ಮನೆ, ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮದೂ ಅಂಥದ್ದೇ ಮನೆ. ನನಗೆ ಕನ್ನಡ ಅಕ್ಷರ ಕಲಿಸಿದ್ದೂ ಶಾಲೆಯಲ್ಲ, ಮೈಸೂರಿನಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ಅತ್ತಿಗೆ. “ಯಾವೂರಮ್ಮ ನಿಂದು?” ಎಂದು ಕನ್ನಡದಲ್ಲಿ ಕೇಳಿದ್ದೇ ತಡ, ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

“ಪಲ್ಲಡಂ ಪಕ್ಕ ಮಿಸ್. ನಂಗೆ ಇಲ್ಲಿ ಹಾಸ್ಟೆಲ್‌ನಾಗೆ ನಿದ್ದೆನೇ ಬರಲ್ಲ. ಬಂದಾಗಿಂದ ಹಿಂಗೇ. ಬುಕ್ ತೆಗೆದ್ರೆ ಅಕ್ಷರ ಎಲ್ಲಾ ಓಡ್ತದೆ. ಟೆಸ್ಟ್‌ನಾಗೆ ಫೇಲು. ಸುಮ್ಮ ಸುಮ್ಮನೆ ಅಳು ಬರ್ತದೆ. ರೊಂಬ ಬಯ ಆಗ್ತದೆ ಮಿಸ್, ನಂಗೆ ಪೈತ್ಯ ಹಿಡೀತದಾ?”

ಹುಚ್ಚು ಹಿಡಿಯುತ್ತದೆಯೇ ಎಂದು ಹದಿನೆಂಟರ ಮಗು ಕೇಳಿದಾಗ ಅವಳನ್ನು ಕೂರಿಸಿ ಎಲ್ಲವನ್ನೂ ವಿಚಾರಿಸಿದೆ. ವೈದ್ಯರು ನೋಡಿ ಏನೂ ಇಲ್ಲ ಎಂದಿದ್ದರಂತೆ. ಅವರಮ್ಮ ಚೌಡಮ್ಮನ ಗುಡಿಯಿಂದ ದಾರ ತಂದು ಕಟ್ಟಿದ್ದರು. ನಿವೇದಿತಾ ವಾರಕ್ಕೆರಡು ಸಲ ಕೂರಿಸಿಕೊಂಡು ಮಾತಾಡುತ್ತಿದ್ದಳು, ಅದರಿಂದ ಅಳು ಸ್ವಲ್ಪ ಹಗುರವಾಗುತ್ತಿತ್ತೇ ಹೊರತು ನಿದ್ದೆ ಮಾತ್ರ ಬಂದಿರಲಿಲ್ಲ. ಮುಂದಿನ ವಾರ ಗುರುವಾರ ಅಪ್ಪ ಬಂದು ಟಿ.ಸಿ. ತೆಗೆಸಿ ಊರಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಇವಳು. ಓದಬೇಕೆಂದು ಆಸೆಯಿದ್ದ ಮಗು ನಿದ್ದೆ ಇಲ್ಲದ ಕಾರಣಕ್ಕೆ ಓದು ಬಿಡುವುದೇ? ನನಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಏಕೆಂದರೆ ಸಂಗೀತದ ಇನ್‌ಚಾರ್ಜ್ ಆದ ನಾನು ಅವಳಿಗೆ ಕೊಟ್ಟ ಸಲಹೆ ಹರಳೆಣ್ಣೆ ಮತ್ತು ಜಾಯಿಕಾಯಿ.

ಆ ಶನಿವಾರ ರಜೆ. ಪಲ್ಲಡಂ ಕಡೆಯಲ್ಲೇ ಇರುವ ನನ್ನ ತವರಿಗೆ ಹೋದೆ. ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯಾದ ಮೇಲೆ ನಾನು ತವರಿಗೆ ಹೋಗುವುದು ದೀಪಾವಳಿಗೆ ಮತ್ತು ಪೊಂಗಲಿಗೆ ಮಾತ್ರ. ಆಗಲೂ ನಿದ್ದೆ ಬರುತ್ತಿರಲಿಲ್ಲ. ಮೂರು ತುಂಡು ಮೈಸೂರು ಪಾಕ್ ತಿಂದಿದ್ದರ ಫಲ ಎಂದುಕೊಳ್ಳುತ್ತಿದ್ದೆ. ಈ ಸಲ ಹೋಗಿದ್ದು ಹಬ್ಬವಿಲ್ಲದ ದಿನ. ಅಮ್ಮ “ಸೀಕ್ರ ಉಂಡುಬುಟ್ಟು ಹಂಗೇ ಒಂದ್ ಗಳಿಗೆ ಮಲ್ಕೋ, ಮುಖ ನೋಡು ಹೆಂಗೆ ಬಾಡೋಗದೆ” ಎಂದು ನಡುಮನೆಯಲ್ಲಿ ಚಾಪೆ ಹಾಸಿದಳು. ಗೋಡೆಯ ಆಚೆ ಅಣ್ಣನ ವಿದ್ಯುತ್ ಮಗ್ಗಗಳು ಓಡುತ್ತಿದ್ದವು. ಕಡಕಡ ಲಟಲಟ ಸದ್ದಿಗೆ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಕೂಡ ಅಲುಗುತ್ತಿತ್ತು. ಈ ಗದ್ದಲದಲ್ಲಿ ನಿದ್ದೆಯೇ ಎಂದುಕೊಂಡು ಮಗ್ಗುಲಾದೆ.

ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಎಚ್ಚರವಾದಾಗ ಕೆನ್ನೆಯ ಮೇಲೆ ಚಾಪೆಯ ಅಚ್ಚು ಬಿದ್ದಿತ್ತು, ಹೊರಗೆ ಬಿಸಿಲು ಇಳಿದಿತ್ತು. ಮನೆಯಲ್ಲಿ ಎದ್ದವಳು ನಾನೊಬ್ಬಳೇ ಅಲ್ಲ. ಪಕ್ಕದಲ್ಲಿ ಮಲಗಿದ್ದ ಅಮ್ಮ ಎದ್ದು ಕೂತಿದ್ದಳು, ತೊಟ್ಟಿಲಲ್ಲಿ ಅಣ್ಣನ ಮೊಮ್ಮಗು ಚೀರುತ್ತಿತ್ತು, ಹಿತ್ತಿಲ ಬೆಕ್ಕು ಕೂಡ ತಲೆ ಎತ್ತಿ ಸುತ್ತ ನೋಡುತ್ತಿತ್ತು. ಏನಾಯಿತೆಂದು ತಿಳಿಯದೆ ಹೌಹಾರಿದೆ. ಅಮ್ಮ ಕಣ್ಣುಜ್ಜಿಕೊಳ್ಳುತ್ತಾ ಕೇಳಿದ್ದು ಒಂದೇ ಮಾತು: “ಕರೆಂಟ್ ಹೋಯ್ತಾ?”

ಹೋಗಿತ್ತು. ಮಗ್ಗಗಳು ನಿಂತಿದ್ದವು. ಸದ್ದು ನಿಂತ ಕೂಡಲೇ ಮನೆಗೆ ಮನೆಯೇ ಎದ್ದಿತ್ತು. ಚಿಕ್ಕಂದಿನಲ್ಲಿ ಪ್ರತಿ ಸಲ ಕರೆಂಟ್ ಹೋದಾಗಲೂ ನಮ್ಮ ಬೀದಿಯೆಲ್ಲ ಎದ್ದು ಜಗಲಿಗೆ ಬರುತ್ತಿತ್ತು. ಸೆಕೆಗೆ ಏಳುತ್ತೇವೆಂದೇ ನಾನು ತಿಳಿದಿದ್ದೆ. ಹಬ್ಬದ ದಿನ ಮಗ್ಗಕ್ಕೆ ರಜೆ, ಅದಕ್ಕೇ ಹಬ್ಬದಲ್ಲಿ ನಿದ್ದೆ ಇಲ್ಲ. ಸುಮ್ಮನೆ ಮೈಸೂರು ಪಾಕನ್ನು ಬೈದಿದ್ದೆ. ಹೊಟ್ಟೆಯಲ್ಲಿದ್ದಾಗಿನಿಂದ ಮಗ್ಗದ ಸದ್ದಿಗೆ ಮಲಗಿದವಳನ್ನು ಕೊಳಲು ಎಲ್ಲಿಂದ ಮಲಗಿಸೀತು! ಆ ಹುಡುಗಿಗೂ ಪೈತ್ಯವಿಲ್ಲ, ಏನೂ ಇಲ್ಲ. ನಿಶ್ಶಬ್ದ ತಡೆಯಲಾಗುತ್ತಿಲ್ಲ, ಅಷ್ಟೇ.

ಕರೆಂಟ್ ಬಂದ ಕೂಡಲೇ ಮಗ್ಗದ ಶೆಡ್ಡಿನ ಕಿಟಕಿಗೆ ಫೋನ್ ಹಿಡಿದು ನಿಂತೆ. “ಇದುನ್ನ ಏನುಕ್ಕೆ ರೆಕಾರ್ಡ್ ಮಾಡ್ತಿದ್ದೀಯ ತಂಗಿ?” ಎಂದು ಅಣ್ಣ ಬೆರಗಾದ. ಹುಡುಗಿಯ ಕಥೆ ಹೇಳಿ, ಕಾಲೇಜಿನಲ್ಲಿ ಎಲ್ಲರ ಮನಸ್ಸಿಗೂ ನೆಮ್ಮದಿಯಾಗಲಿ ಅಂತ ಎಂದೆ. ಅತ್ತಿಗೆ ಹುಬ್ಬೇರಿಸಿದರು. “ನೋಡಿ, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಅತ್ತಿದ್ದೀನಿ. ಎಲ್ಲರಿಗೂ ಹಾಕ್ಬೇಡಿ, ಆ ಹುಡುಗಿಗೊಬ್ಬಳಿಗೇ ಕೇಳಿಸಿ” ಎಂದರು. ಮೈಸೂರಿನವರು ಸ್ವಲ್ಪ ನಾಜೂಕು ಎಂದುಕೊಂಡು ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. ನಮ್ಮ ಜನಕ್ಕೆ ಇದೊಂದು ಕಾಯಿಲೆ. ನಮ್ಮ ಮನೆಯ ಸದ್ದು ಊರಿಗೇ ಇಂಪು ಎಂದುಕೊಂಡಿರುತ್ತೇವೆ.

ಬುಧವಾರ ಬಂತು. ಮಾರನೆಯ ದಿನವೇ ಸೌಡಾಂಬಿಕಾಳ ಅಪ್ಪ ಬರುವವರು. ನಾನು ಮೈಕ್ ಹಿಡಿದು, ಸಾಧ್ಯವಾದಷ್ಟು ಜೇನು ಬೆರೆಸಿದ ದನಿಯಲ್ಲಿ “ಕಣ್ಣು ಮುಚ್ಚಿ. ಉಸಿರು ಒಳಗೆ, ಉಸಿರು ಹೊರಗೆ. ಈಗ ನಿಮ್ಮ ಚಿಂತೆಗಳೆಲ್ಲ ಮೆಲ್ಲನೆ ಕರಗುತ್ತವೆ” ಎಂದೆ. ಫೋನನ್ನು ದೊಡ್ಡ ಸ್ಪೀಕರುಗಳಿಗೆ ಜೋಡಿಸಿ ಗುಂಡಿ ಒತ್ತಿದೆ. ಎಲ್ಲರಿಗೂ ಮಾದರಿಯಾಗಿರಲಿ ಎಂದು ವೇದಿಕೆಯ ಕುರ್ಚಿಯಲ್ಲಿ ಕೂತು ನಾನೂ ಕಣ್ಣು ಮುಚ್ಚಿದೆ.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ, ನಿವೇದಿತಾ ಹೇಳಿದ್ದನ್ನೇ ಹೇಳುತ್ತಿದ್ದೇನೆ. ಅಣ್ಣನ ಮಗ್ಗಗಳು ಆ ಹವಾನಿಯಂತ್ರಿತ ಸಭಾಂಗಣದಲ್ಲಿ ಒಮ್ಮೆಲೇ ಹೊಡೆದುಕೊಳ್ಳತೊಡಗಿದಾಗ ಮುರುಗೇಶನ್ ಸರ್ ಮಲಗಿದಲ್ಲಿಂದ ನೇರವಾಗಿ ನಿಂತ ಸ್ಥಿತಿಗೆ ಬಂದರಂತೆ. ಭೌತಶಾಸ್ತ್ರದ ಪ್ರಕಾರ ಅದು ಸಾಧ್ಯವಿಲ್ಲ ಎಂದು ಅವರೇ ಆಮೇಲೆ ಹೇಳಿದರಂತೆ. ಜನರೇಟರ್ ಸಿಡಿಯಿತೆಂದು ಯಾರೋ ಕೂಗಿದರು. ಮಕ್ಕಳು ಚಪ್ಪಲಿ ಬಿಟ್ಟು ಓಡಿದರು, ವಾಚ್‌ಮನ್ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಒಳಗೆ ನುಗ್ಗಿದ. ಪ್ರಿನ್ಸಿಪಾಲರು ಎರಡೂ ಕಿವಿ ಮುಚ್ಚಿಕೊಂಡು “ಮ್ಯಾಡಂ! ನಿಪ್ಪಾಟ್ಟುಂಗ ಮ್ಯಾಡಂ!” ಎಂದು ವೇದಿಕೆಯ ಕೆಳಗೆ ನಿಂತು ಕೂಗಿದರೂ ಮ್ಯಾಡಂ ನಿಲ್ಲಿಸಲಿಲ್ಲ. ಮ್ಯಾಡಂ ತಲೆ ಒಂದು ಕಡೆ ವಾಲಿತ್ತು. ಕೊನೆಗೆ ಮುರುಗೇಶನ್ ಸರ್ ಓಡಿಬಂದು ವೈರನ್ನೇ ಕಿತ್ತರು.

ಸದ್ದು ನಿಂತಿತು. ನನಗೆ ಎಚ್ಚರವಾಯಿತು. ಪಿಳಿಪಿಳಿ ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಕೆದರಿದ ಕೂದಲಿನ, ಬಿಳಿಚಿದ ಮುಖಗಳು. ಹಿಂದಿನ ಸಾಲಿನ ಒಂದು ಚಾಪೆಯ ಮೇಲೆ, ಆ ಓಟದಲ್ಲೂ ಅಲುಗಾಡದೆ ಮಲಗಿದ್ದ ಒಂದು ದೇಹ ಆಗಷ್ಟೇ ಎದ್ದು ಕೂತು ಕಣ್ಣುಜ್ಜಿಕೊಳ್ಳುತ್ತಿತ್ತು. ಆ ತುದಿಯಿಂದ ಅವಳೂ ಈ ತುದಿಯಿಂದ ನಾನೂ, ಅಷ್ಟೂ ತಮಿಳರ ನಡುವೆ, ಒಂದೇ ಉಸಿರಿಗೆ ಕೇಳಿದೆವು:

“ಕರೆಂಟ್ ಹೋಯ್ತಾ?”

ಸಂಗೀತದ ಹೊಣೆಯನ್ನು ಅಂದೇ ಸಂಜೆ ಮುರುಗೇಶನ್ ಸರಿಗೆ ವಹಿಸಲಾಯಿತು. ನಿವೇದಿತಾ ಮಾತ್ರ ಸೌಡಾಂಬಿಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಕೇಳಿ, ಅವಳ ಫೋನಿಗೆ ಮಗ್ಗದ ಸದ್ದನ್ನು ಹಾಕಿಸಿ, ಇಯರ್‌ಫೋನಿನಲ್ಲಿ ಎಷ್ಟು ಮೆಲ್ಲಗೆ ಇಟ್ಟುಕೊಳ್ಳಬೇಕೆಂದು ತೋರಿಸಿಕೊಟ್ಟಳು. ಗುರುವಾರ ಅವಳ ಅಪ್ಪ ಬರುವ ಹೊತ್ತಿಗೆ ಹುಡುಗಿ ಹಾಸ್ಟೆಲಿನಲ್ಲಿ ಇನ್ನೂ ಎದ್ದಿರಲಿಲ್ಲ. ಆ ಮನುಷ್ಯನಿಗೆ ವಿಷಯ ತಿಳಿಸಿದೆ. “ಹೊರಗಡೆ ಹೋದ್ರೆ ನಂಗೂ ನಿದ್ದೆ ಬರಲ್ಲಮ್ಮಾ. ಅದುಕ್ಕೇ ನಾನು ಯಾರ್ ಮನೇಲೂ ತಂಗಲ್ಲ. ಆದ್ರೆ ಅದು ಮಗ್ಗದಿಂದಾಂತ ಇವತ್ತೇ ಗೊತ್ತಾಯ್ತು” ಎಂದು ಟವೆಲಿನಿಂದ ಕಣ್ಣೊರೆಸಿಕೊಂಡರು. ಟಿ.ಸಿ. ಕೇಳದೆ, ಮಗಳನ್ನೂ ಎಬ್ಬಿಸದೆ, ತಂದಿದ್ದ ಮುರುಕ್ಕಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದರು.

ಹುಡುಗಿ ಈಗ ಪಾಸಾಗುತ್ತಿದ್ದಾಳೆ. ಮೊನ್ನೆ ಲ್ಯಾಬಿನಲ್ಲಿ ಹತ್ತಿರ ಬಂದು ಸಂಕೋಚದಿಂದ “ಮಿಸ್, ತಪ್ಪು ತಿಳ್ಕೋಬ್ಯಾಡಿ, ನಿಮ್ ಮನೆ ಮಗ್ಗ ಸರಿಯಾಗಿಲ್ಲ. ಒಂದು ಲಾಳಿ ಜಾಸ್ತಿ ಹೊಡ್ಕೊಳ್ತದೆ. ನಾನು ನಮ್ ಮನೇದೇ ತರಿಸ್ಕೊಂಡೆ” ಎಂದಳು. ನನಗೆ ರೋಷ ಬಂತು, ಆದರೆ ಅಣ್ಣನಿಗೆ ಫೋನ್ ಮಾಡಿ ಆ ಲಾಳಿ ನೋಡಲು ಹೇಳಿದೆ.

ನಮ್ಮ ಮನೆಯಲ್ಲೂ ಈಗ ದಿಂಬಿನ ಪಕ್ಕ ಪುಟ್ಟ ಸ್ಪೀಕರಿನಲ್ಲಿ ಅಣ್ಣನ ಮಗ್ಗ ಓಡುತ್ತದೆ. ನಾನು ಕಲ್ಲಿನಂತೆ ಮಲಗುತ್ತೇನೆ. ಇಯರ್‌ಫೋನ್ ನನ್ನ ಕಿವಿಯಲ್ಲಿ ನಿಲ್ಲುವುದಿಲ್ಲ, ಏನು ಮಾಡಲಿ. ಹೊಳೆಯಂಚಿನ ನಮ್ಮ ಯಜಮಾನರ ಕಣ್ಣ ಕೆಳಗೆ ಕಪ್ಪು ಕಾಣಿಸಿಕೊಂಡಿದೆ. ನಿನ್ನೆ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು, “ನಿಮ್ ಕಾಲೇಜಿನಾಗೆ ಬುಧವಾರ ಆ ಕೊಳಲು ಇನ್ನೂ ಹಾಕ್ತಾರಾ? ಹೊರಗಿನವ್ರುನ್ನ ಬಿಡ್ತಾರಾ ಕೇಳು” ಎಂದರು. ಮನಸ್ಸಿನ ಆರೋಗ್ಯದ ವಿಷಯದಲ್ಲಿ ಇಷ್ಟು ಅನುಭವವಿರುವ ನಾನು ಅವರ ಕೈ ತಟ್ಟಿ, “ಸುಮ್ಮನೆ ಆರಾಮಾಗಿರಿ” ಎಂದೆ. ಅವರ ಎರಡೂ ಭುಜಗಳು ಮೆಲ್ಲಗೆ ಕಿವಿಯ ಹತ್ತಿರಕ್ಕೆ ಏರಿದವು.